‘ಕುಚೋದ್ಯ’ ಎಂದರೆ ಬರೀ ಚೇಷ್ಟೆಯಲ್ಲ

(ದಾವಣಗೆರೆಯ ಸರಸ್ವತಿ ನಗರದಲ್ಲಿ ಮಾಡಿದ ಭಾಷಣದ ಪಠ್ಯ)



ಮೊಮ್ಮಗ ಅಜ್ಜನ ಕನ್ನಡಕ ಬಚ್ಚಿಟ್ಟರೆ ಸರಸ್ವತಿ ನಗರದ ಮನೆಗಳಲ್ಲಿ ‘ಕುಚೇಷ್ಟೆ’ ಎನ್ನುತ್ತಾರೆ. ‘ಕುಚೋದ್ಯ’ ಎನ್ನುವವರು ಈಗ ಅಪರೂಪ. ಎರಡೂ ಒಂದೇ ಎಂದು ತಿಳಿದವರೂ ಇದ್ದಾರೆ. ಒಂದಲ್ಲ. ಚೇಷ್ಟೆ ಕೈಕಾಲಿನ ಕೆಲಸ. ಚೋದ್ಯ ನಾಲಿಗೆಯದು, ಲೇಖನಿಯದು.

ಸಂಸ್ಕೃತದ ‘ಚುದ್’ ಧಾತುವಿಗೆ ಪ್ರೇರೇಪಿಸು, ಮುಂದಕ್ಕೆ ತಳ್ಳು ಎಂಬ ಅರ್ಥ. ಗಾಯತ್ರಿ ಮಂತ್ರದ ಕೊನೆಯ ಪದವೂ ಪೊಲೀಸರ ದೂರಿನಲ್ಲಿ ಬರುವ ‘ಪ್ರಚೋದನೆ’ಯೂ ಇದೇ ಬೇರಿನವು! ಚೋದ್ಯಕ್ಕೆ ಸೋಜಿಗ ಎಂಬ ಅರ್ಥವುಂಟು. ಆದರೆ ಶಾಸ್ತ್ರಚರ್ಚೆಯಲ್ಲಿ ಚೋದ್ಯವೆಂದರೆ ಎದುರಾಳಿ ಎತ್ತುವ ಆಕ್ಷೇಪ, ಉತ್ತರ ಹೇಳಲೇಬೇಕಾದ ಪ್ರಶ್ನೆ. ಅದಕ್ಕೆ ‘ಕು’ ಸೇರಿದರೆ ಕೆಟ್ಟ ಪ್ರಶ್ನೆ, ಕೊಂಕು ಪ್ರಶ್ನೆ. ಕೆಟ್ಟದ್ದೆಂದು ತೀರ್ಮಾನಿಸುವವರು ಯಾರು? ಬಹುಮಟ್ಟಿಗೆ, ಉತ್ತರ ಕೊಡಬೇಕಾದವರೇ.

‘ವಿಡಂಬನೆ’, ‘ಅಣಕ’ ಎರಡರ ಮೂಲದಲ್ಲೂ ಅನುಕರಣೆ ಇದೆ. ಕುಚೋದ್ಯಕ್ಕೆ ನಕಲು ಬೇಕಿಲ್ಲ. ‘ಶಂಕುಸ್ಥಾಪನೆಯ ಕಲ್ಲಿಗೆ ಹಾಕಿದಷ್ಟು ಸಿಮೆಂಟನ್ನು ಚರಂಡಿಗೂ ಹಾಕುತ್ತೀರಾ ಸ್ವಾಮಿ?’ ಎಂದು ಅಮಾಯಕನಂತೆ ಕೇಳಿದರೆ ಸಾಕು.

ಈ ಕಲೆಯ ದೊಡ್ಡ ಮೇಷ್ಟರೊಬ್ಬರು ಇದೇ ಊರಿನಲ್ಲಿದ್ದರು. ನಾ. ಕಸ್ತೂರಿ (1897-1987) ಕೇರಳದಲ್ಲಿ ಹುಟ್ಟಿದವರು, ಮನೆಮಾತು ಮಲಯಾಳಂ. ಮೈಸೂರಿಗೆ ಬಂದು, ಇತಿಹಾಸದ ಪಾಠ ಹೇಳುತ್ತ ಕನ್ನಡ ಕಲಿತರು. ರಾಶಿಯವರು 1942ರಲ್ಲಿ ಆರಂಭಿಸಿದ, 1967ರವರೆಗೆ ನಡೆದ ‘ಕೊರವಂಜಿ’ಯ ಪುಟಗಳನ್ನು ತುಂಬಿಸಿದರು. ನಿವೃತ್ತಿಗೆ ಮುನ್ನ ದಾವಣಗೆರೆಯ ಡಿ.ಆರ್.ಎಂ. ಕಾಲೇಜಿನ ಪ್ರಾಂಶುಪಾಲರಾಗಿದ್ದರು.

ಅವರ ‘ಅನರ್ಥಕೋಶ’ದ ಹೆಸರೇ ಒಂದು ಕುಚೋದ್ಯ. ಅನರ್ಥವೆಂದರೆ ಅಪಾರ್ಥವೂ ಹೌದು, ಅನಾಹುತವೂ ಹೌದು. ದಿನಬಳಕೆಯ ಪದಗಳನ್ನು ನಿಘಂಟಿನಂತೆ ಸಾಲಾಗಿ ನಿಲ್ಲಿಸಿ, ಒಡೆದು, ತಿರುಚಿ, ಗಂಭೀರ ಮುಖದಿಂದಲೇ ಇಲ್ಲದ ಅರ್ಥ ಹೇಳುವ ಪುಸ್ತಕ ಅದು. ಅಮೆರಿಕದ ಆಂಬ್ರೋಸ್ ಬಿಯರ್ಸ್ ಕೂಡ 1911ರಲ್ಲಿ ‘ದಿ ಡೆವಿಲ್ಸ್ ಡಿಕ್ಷನರಿ’ ಎಂಬ ಇಂಥದೇ ನಿಘಂಟು ತಂದಿದ್ದ. ಆತನ ನಗೆಯಲ್ಲಿ ಕಹಿ ಹೆಚ್ಚು. ಕಸ್ತೂರಿಯವರದು ಪದದೊಳಗೆ ಕೈಹಾಕಿ ಆಡುವ ಆಟ. ಮನೆಮಾತಿನವರು ಪದವನ್ನು ಹಾಗೇ ನುಂಗಿಬಿಡುತ್ತೇವೆ. ಕಲಿತು ಬಂದವರು ಅಗಿದು ನೋಡುತ್ತಾರೆ. ಕಸ್ತೂರಿಯವರಿಗೆ ಅದು ಒಲಿದದ್ದು ಇದರಿಂದಲೇ ಇರಬೇಕು.

ಬಸ್ಸಿನ ಗಾಜು ಒಡೆದವನ ಕೃತ್ಯಕ್ಕೆ ‘ಕುಚೋದ್ಯ’ ಎಂದರೆ ಪದ ಕೆಟ್ಟೀತು. ಅದಕ್ಕೆ ‘ಕಿಡಿಗೇಡಿತನ’ ಇದ್ದೇ ಇದೆ. ಸಭೆಯ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದು, ಎಲ್ಲರೂ ನಕ್ಕು, ವೇದಿಕೆಯ ಮೇಲಿದ್ದವರು ಮಾತ್ರ ನಗದಿದ್ದರೆ, ಅಲ್ಲಿ ಈ ಪದವನ್ನು ಧಾರಾಳವಾಗಿ ಬಳಸಬಹುದು.