ತೆರಿಗೆ ಕಟ್ಟಿದ ಪುಸ್ತಕಗಳು

ನೀವು ಕಟ್ಟೋ ಆಸ್ತಿ ತೆರಿಗೆಯ ಪ್ರತಿ ನೂರು ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಸೆಸ್ ಸೇರುತ್ತೆ, ಗಮನಿಸಿದ್ದೀರಾ? ನಾನಂತೂ ಗಮನಿಸಿರಲಿಲ್ಲ. ಕಳೆದ ತಿಂಗಳು ವಿಜಯನಗರದ ಹಂಪಿನಗರ ಗ್ರಂಥಾಲಯಕ್ಕೆ ಹೋಗಿ ಮೂರು ಪುಸ್ತಕ ತಂದೆ.

ಇಂಜಿನಿಯರಿಂಗ್ ಓದಿದ ನನಗೆ ಪ್ರಶ್ನೆ ಅಂದ್ರೆ ಒಂದೇ ಉತ್ತರ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಹಾರುವ ಓತಿ ಕೈಗೆ ಸಿಗದೆ ಹೋಯ್ತು, ಸಿಗದಿರೋದು ಸೋಲಲ್ಲ ಅಂತ ತಿಳೀತು. ಭೈರಪ್ಪನವರ ‘ಪರ್ವ’ ಪವಾಡಗಳನ್ನು ಬದಿಗಿಟ್ಟು ಮಹಾಭಾರತ ಹೇಳಿತು. ಗೆದ್ದವರ ಮನೆಯಲ್ಲೂ ಅಳು ಕೇಳಿಸಿತು. ದೇವನೂರರ ‘ಕುಸುಮಬಾಲೆ’ಯ ನಂಜನಗೂಡು ಸೀಮೆಯ ಮಾತು ಮೊದಲು ಅರ್ಥವಾಗಲಿಲ್ಲ. ಜೋರಾಗಿ ಓದಿದೆ, ಕಿವಿಗೆ ಹತ್ತಿತು.

ಇದೇ ಸ್ಟುಡಿಯೋದಲ್ಲಿ ‘ಹೌದಾ, ಇಲ್ವಾ, ಹೇಳಿ’ ಅಂತ ಕೂಗೋನು ನಾನೇ. ಇನ್ಮೇಲೆ ಒಂದು ನಿಮಿಷ ಜಾಸ್ತಿ ಕೇಳಿಸಿಕೊಳ್ತೀನಿ. ನೀವೂ ಹೋಗಿ, ದುಡ್ಡು ಆಗಲೇ ಕಟ್ಟಿದ್ದೀರಿ.