ತುರುಬಿಗೂ ಹೆಲ್ಮೆಟ್ಟಿಗೂ ಯಾಕೆ ಜಗಳ?

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಕಾರ್ಯಕರ್ತೆಯೊಬ್ಬರು ಆಡಿದ ಮಾತುಗಳು)



ಇವತ್ತು ಸಾಲ, ಉಳಿತಾಯದ ಮಾತು ಬೇಡ. ನೀವೆಲ್ಲ ಬರುವಾಗ ನಾನು ಬಾಗಿಲ ಹತ್ತಿರ ನಿಂತಿದ್ದೆ. ಸ್ಕೂಟರಿನ ಹಿಂದೆ ಕೂತು ಬಂದ ಒಬ್ಬರು ಅಕ್ಕನ ಹೆಲ್ಮೆಟ್ ಕೈಯಲ್ಲಿ ನೇತಾಡ್ತಾ ಇತ್ತು. ಕೇಳಿದರೆ, "ತುರುಬಿನ ಮೇಲೆ ಕೂರುವುದೇ ಇಲ್ಲ ಮೇಡಂ" ಅಂದರು. ಹೆದರಬೇಡಿ, ಹೆಸರು ಹೇಳುವುದಿಲ್ಲ! ಆದರೆ ಅವರು ಹೇಳಿದ್ದು ಸುಳ್ಳಲ್ಲ. ಇದೇ ತೊಂದರೆ ಕೆನಡಾ ದೇಶದ ಒಬ್ಬ ತಾಯಿಗೂ ಬಂದಿತ್ತು.

ಅವರ ಹೆಸರು ಟೀನಾ ಸಿಂಗ್. ಒಂಟಾರಿಯೊ ಪ್ರಾಂತ್ಯದವರು, ಮೂವರು ಗಂಡು ಮಕ್ಕಳ ತಾಯಿ. ಸಿಖ್ಖರು ಕೂದಲು ಕತ್ತರಿಸುವುದಿಲ್ಲ ಅಂತ ನಿಮಗೆ ಗೊತ್ತು. ಗಂಡು ಮಕ್ಕಳಿಗೆ ನೆತ್ತಿಯ ಮೇಲೆ ಜುಟ್ಟು ಕಟ್ಟಿ, ಪಟ್ಕಾ ಎಂಬ ಬಟ್ಟೆ ಸುತ್ತುತ್ತಾರೆ. ಮಕ್ಕಳು ಸೈಕಲ್ ಹೊಡೆಯುವ ವಯಸ್ಸಿಗೆ ಬಂದಾಗ ಅಂಗಡಿಯ ಯಾವ ಹೆಲ್ಮೆಟ್ಟೂ ಜುಟ್ಟಿನ ಮೇಲೆ ಸರಿಯಾಗಿ ಕೂರಲಿಲ್ಲ. ಆ ಪ್ರಾಂತ್ಯದಲ್ಲೋ, 18 ವರ್ಷದೊಳಗಿನವರು ರಸ್ತೆಯಲ್ಲಿ ಸೈಕಲ್ ಹೊಡೆಯಬೇಕಾದರೆ ಹೆಲ್ಮೆಟ್ ಕಡ್ಡಾಯ.

"ದೊಡ್ಡ ಸೈಜು ತೆಗೊಂಡರೆ ಆಯ್ತಲ್ಲ?" ಅಂತ ನೀವು ಕೇಳಬಹುದು. ನಾವು ತಪ್ಪುವುದು ಅಲ್ಲೇ. ಹೆಲ್ಮೆಟ್ಟಿನ ಒಳಗೆ ಏನಿದೆ ಅಂತ ನೋಡಿದ್ದೀರಾ? ಟಿ.ವಿ. ಪೆಟ್ಟಿಗೆಯಲ್ಲಿ ಬರುವ ಥರ್ಮೋಕೋಲ್ ಇದೆಯಲ್ಲ, ಅದೇ ಜಾತಿಯದು, ಇನ್ನೂ ಗಟ್ಟಿ. ತಲೆ ನೆಲಕ್ಕೆ ಬಡಿದಾಗ ಅದು ಜಜ್ಜಿಹೋಗಿ ಪೆಟ್ಟನ್ನು ತಾನು ತಿನ್ನುತ್ತದೆ. ತಲೆ ಒಮ್ಮೆಲೇ ನಿಲ್ಲದೆ ಒಂಚೂರು ನಿಧಾನವಾಗಿ ನಿಲ್ಲುತ್ತದೆ. ಆ ಒಂಚೂರಿನಲ್ಲೇ ಮೆದುಳಿಗೆ ರಕ್ಷಣೆ. ಹೆಲ್ಮೆಟ್ ಸಡಿಲ ಇದ್ದರೆ ಬೀಳುವಾಗಲೇ ಹಿಂದಕ್ಕೆ ಜಾರಿ ಹಣೆ ಬರಿದಾಗುತ್ತದೆ. ಜುಟ್ಟಿಗೆ ಜಾಗ ಬೇಕು ಅಂತ ಒಳಗಿನದನ್ನು ಕೆತ್ತಿದರೆ ಪೆಟ್ಟು ತಡೆಯುವ ವಸ್ತುವನ್ನೇ ತೆಗೆದು ಬಿಸಾಡಿದ ಹಾಗೆ.

ಟೀನಾ ಅವರದು ಆಕ್ಯುಪೇಷನಲ್ ಥೆರಪಿಸ್ಟ್ ಉದ್ಯೋಗ. ಅಂದರೆ ಅಪಘಾತ, ಕಾಯಿಲೆ ಆದವರಿಗೆ ತಮ್ಮ ನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ಮತ್ತೆ ಕಲಿಸುವುದು. ಮೆದುಳಿಗೆ ಪೆಟ್ಟಾದವರ ಕಷ್ಟ ಹತ್ತಿರದಿಂದ ನೋಡಿದವರು. ಸುಮ್ಮನಿರಲು ಹೇಗಾಗ್ತದೆ? ತಾವೇ ಒಂದು ಹೊಸ ಹೆಲ್ಮೆಟ್ ಮಾಡಿಸಲು ಹೊರಟರು. ನೋಡಲು ಬಹಳ ಸರಳ: ನೆತ್ತಿಯಲ್ಲಿ ಒಂದು ಉಬ್ಬು, ಜುಟ್ಟು ಅದರೊಳಗೆ. ಉಳಿದದ್ದು ತಲೆಗೆ ಒತ್ತಿ ಕೂರುತ್ತದೆ. ಆದರೂ ವರ್ಷಗಳೇ ಹಿಡಿದವು. ಉಬ್ಬು ಇದ್ದ ಮಾತ್ರಕ್ಕೆ ರಿಯಾಯಿತಿ ಇಲ್ಲವಲ್ಲ, ಸುರಕ್ಷತಾ ಪರೀಕ್ಷೆ ಪಾಸಾಗಲೇಬೇಕು. 2022ರ ಕೊನೆಗೆ 'ಸಿಖ್ ಹೆಲ್ಮೆಟ್ಸ್' ಎಂಬ ಹೆಸರಿನಲ್ಲಿ ಹೊರಬಂತು. ಜುಟ್ಟು ಬಿಚ್ಚಿ ಅಂತ ಆ ತಾಯಿ ಮಕ್ಕಳಿಗೆ ಹೇಳಲಿಲ್ಲ ನೋಡಿ, ಅದು ನನಗೆ ತುಂಬಾ ಹಿಡಿಸಿತು.

ಆದರೆ ಅದು ಸೈಕಲ್ಲಿನ ಹೆಲ್ಮೆಟ್, ಸ್ಕೂಟರಿಗೆ ಆಗುವುದಿಲ್ಲ. ಸ್ಕೂಟರಿಗೆ ಐ.ಎಸ್.ಐ. ಗುರುತಿನದ್ದೇ ಬೇಕು. ನಮ್ಮಲ್ಲಿ ಸೈಕಲ್ಲಿಗೆ ಕಡ್ಡಾಯ ಇಲ್ಲದಿದ್ದರೂ ಸ್ಕೂಟರಿನಲ್ಲಿ ಹಿಂದೆ ಕೂತವರಿಗೂ ಕಾನೂನು ಉಂಟು. ಹಾಗಾದರೆ ನಮ್ಮ ತುರುಬಿಗೆ ಏನು ಮಾಡೋಣ? ಹೊರಡುವಾಗ ಜಡೆ ಹೆಣೆದು ಕುತ್ತಿಗೆಯ ಹತ್ತಿರ ಇಳಿಬಿಡಿ. ಗಟ್ಟಿ ಕ್ಲಿಪ್ಪು ತೆಗೆದು ಚೀಲಕ್ಕೆ ಹಾಕಿ, ತಲುಪಿದ ಮೇಲೆ ತುರುಬು ಕಟ್ಟಿದರಾಯ್ತು. ಮಕ್ಕಳ ಸೈಕಲ್ ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ನೇರ ಕೂರಬೇಕು, ಗಲ್ಲದ ಪಟ್ಟಿಯೊಳಗೆ ಒಂದೆರಡು ಬೆರಳು ಮಾತ್ರ ಹೋಗಬೇಕು, ತಲೆ ಅಲ್ಲಾಡಿಸಿದರೆ ಜಾರಬಾರದು. "ಬೆಳೆಯುವ ಮಗು, ಮುಂದಿನ ವರ್ಷಕ್ಕೂ ಆಗಲಿ" ಅಂತ ಯೂನಿಫಾರ್ಮ್ ಹೊಲಿಸಿದ ಹಾಗೆ ದೊಡ್ಡದು ತರಬೇಡಿ. ಒಮ್ಮೆ ಜೋರಾಗಿ ಪೆಟ್ಟು ತಿಂದದ್ದನ್ನು, ಹೊರಗೆ ಚೆನ್ನಾಗಿ ಕಂಡರೂ, ಮತ್ತೆ ಹಾಕಬೇಡಿ. ಒಳಗೆ ಜಜ್ಜಿರುವುದು ಕಾಣುವುದಿಲ್ಲ.

ಮುಂದಿನ ಸಭೆಗೆ ಮನೆಯಲ್ಲಿರುವ ಹೆಲ್ಮೆಟ್ ಎಲ್ಲಾ ತನ್ನಿ, ಒಬ್ಬೊಬ್ಬರಿಗೂ ಹಾಕಿ ನೋಡೋಣ. ನನ್ನದರ ಪಟ್ಟಿಯ ಕೊಂಡಿ ಮುರಿದು ಎರಡು ತಿಂಗಳಾಯ್ತು, ಅದನ್ನೂ ನಾಚಿಕೆ ಬಿಟ್ಟು ತರ್ತೇನೆ.