ಪುಟ್ಟ ಕೈಗಳಿಗೆ ಕೆಲಸ ಕೊಡೋಣ
(ಸಂಸ್ಥೆಯ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ನಾನು ಮಾತನಾಡಲಿರುವುದು ಪರೀಕ್ಷೆಯ ಬಗ್ಗೆಯೂ ಅಲ್ಲ, ಅಂಕಗಳ ಬಗ್ಗೆಯೂ ಅಲ್ಲ. ಮೂರರಿಂದ ಎಂಟು ವರ್ಷದ ಮಕ್ಕಳು ಮನೆಯಲ್ಲಿ ಕಾಗದ, ಹಿಟ್ಟು, ಬಣ್ಣ ಹಿಡಿದು ಕುಳಿತಾಗ ಏನು ಕಲಿಯುತ್ತಾರೆ ಎಂಬುದೇ ನನ್ನ ವಿಷಯ. "ಇದೆಲ್ಲ ಆಟ, ಓದಿಗೆ ಅಡ್ಡಿ" ಎನ್ನುವ ಪೋಷಕರಿದ್ದಾರೆ. "ಮನೆ ಗಲೀಜಾಗುತ್ತದೆ" ಎಂದು ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೂರಿಸುವವರೂ ಇದ್ದಾರೆ. ಆದರೆ ಒಂದನೇ ತರಗತಿಯಲ್ಲಿ ಅದರ ಬೆಲೆ ತೆರುವುದು ಮಗು. ಬೆರಳಿನಲ್ಲಿ ಶಕ್ತಿ ಇಲ್ಲದೆ ಪೆನ್ಸಿಲ್ ಜಾರುತ್ತದೆ, ನಾಲ್ಕು ಸಾಲು ಬರೆಯುವಷ್ಟರಲ್ಲಿ ಕೈ ನೋಯುತ್ತದೆ. ಆಗ ನಾವು ಅದಕ್ಕೆ 'ದಡ್ಡ' ಎಂಬ ಹೆಸರಿಡುತ್ತೇವೆ. ಮಗು ದಡ್ಡನಲ್ಲ. ಅದರ ಕೈಗೆ ಅಭ್ಯಾಸವಿಲ್ಲ, ಅಷ್ಟೇ.

ಇದು ಹೊಸ ಮಾತೇನಲ್ಲ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆದ ಫ್ರೋಬೆಲ್, ಕಾಗದ ಮಡಿಸುವುದು, ನೇಯುವುದು, ಮಣ್ಣಿನಲ್ಲಿ ಆಕಾರ ಮಾಡುವುದನ್ನೇ ಪಾಠವನ್ನಾಗಿ ಮಾಡಿದರು. 'ಕಿಂಡರ್‌ಗಾರ್ಟನ್' ಎಂಬ ಹೆಸರು ಬಂದದ್ದು ಅವರಿಂದಲೇ. ನಮ್ಮ ದೇಶದಲ್ಲಿ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕೆಲಸದ ಮೂಲಕ ಶಿಕ್ಷಣ ಎಂಬ ವಿಚಾರವನ್ನು ಮುಂದಿಟ್ಟರು. ಅದಕ್ಕೆ ಪಠ್ಯಕ್ರಮ ರೂಪಿಸಿದ ಸಮಿತಿಯ ಅಧ್ಯಕ್ಷರು ಜಾಮಿಯಾ ಮಿಲಿಯಾದ ಡಾ. ಝಾಕಿರ್ ಹುಸೇನ್. ಮುಂದೆ 1967ರಲ್ಲಿ ಅವರೇ ನಮ್ಮ ರಾಷ್ಟ್ರಪತಿಯಾದರು. ಅಷ್ಟು ದೊಡ್ಡ ವಿದ್ವಾಂಸರು ಕೈಕೆಲಸವನ್ನು ಓದಿನ ಶತ್ರು ಎಂದು ತಿಳಿಯಲಿಲ್ಲ ಎಂಬುದನ್ನು ನಾವು ನೆನಪಿಡಬೇಕು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ದುಡ್ಡು ಖರ್ಚಿಲ್ಲದ ನಾಲ್ಕು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು ಹಿಟ್ಟಿನ ಆಟ. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಚಮಚ ಎಣ್ಣೆ. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ. ಮುಚ್ಚಳದ ಡಬ್ಬಿಯಲ್ಲಿಟ್ಟರೆ ಕೆಲವು ದಿನ ಬರುತ್ತದೆ. ಉಪ್ಪು ಬಹಳ ಇರುವುದರಿಂದ ಮಗು ಅದನ್ನು ತಿನ್ನದಂತೆ ನೋಡಿಕೊಳ್ಳಿ. ಈ ಹಿಟ್ಟನ್ನು ಹಗ್ಗದಂತೆ ಹೊಸೆದು ಅಕ್ಷರ ಮಾಡಿಸಿ. ಉರ್ದುವಿನ 'ಬೇ'ಗೆ ಒಂದು ದೋಣಿ ಮಾಡಿ ಕೆಳಗೆ ಒಂದು ಕಡಲೆಬೇಳೆ ಇಡಿ. ಅದೇ ದೋಣಿಯ ಕೆಳಗೆ ಮೂರು ಇಟ್ಟರೆ 'ಪೇ', ಮೇಲೆ ಎರಡು ಇಟ್ಟರೆ 'ತೇ', ಮೇಲೆ ಮೂರು ಇಟ್ಟರೆ 'ಸೇ'. ಕನ್ನಡದ 'ರ' ಮಾಡಿ ಅದರ ಹೊಟ್ಟೆಯೊಳಗೆ ಒಂದು ಬೇಳೆ ಇಟ್ಟರೆ 'ಠ' ಆಯಿತು. ಉರ್ದು ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ. ಎರಡನ್ನೂ ಒಟ್ಟಿಗೆ ಕಲಿಯುವ ನಮ್ಮ ಮಕ್ಕಳಿಗೆ ಪುಸ್ತಕದಲ್ಲಿ ಗೊಂದಲವಾಗುವುದು ಬೆರಳಿಗೆ ಬೇಗ ತಿಳಿಯುತ್ತದೆ.

ಎರಡನೆಯದು ಅರಿಶಿನದ ಚಿತ್ರ. ನೀರಿನಲ್ಲಿ ಅರಿಶಿನ ಕದಡಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಸೋಪಿನ ನೀರಿನಲ್ಲಿ ಕಡ್ಡಿ ಅದ್ದಿ ಅದರ ಮೇಲೆ ಗೆರೆ ಎಳೆದರೆ ಕೆಂಪು ಬಣ್ಣ ಮೂಡುತ್ತದೆ. ಅದರ ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿಯಾಗುತ್ತದೆ. ಮಗುವಿಗೆ ಇದು ಜಾದೂ. ಹೈಸ್ಕೂಲಿನ ಅಣ್ಣನಿಗೆ ಇದೇ ಆಮ್ಲ ಮತ್ತು ಪ್ರತ್ಯಾಮ್ಲದ ಪಾಠ.

ಮೂರನೆಯದು ಬಳೆಯ ವಿನ್ಯಾಸ. ಒಂದೇ ಅಳತೆಯ ಏಳು ಬಳೆ ತೆಗೆದುಕೊಳ್ಳಿ. ಒಂದನ್ನು ನಡುವೆ ಇಟ್ಟರೆ ಸುತ್ತಲೂ ಸರಿಯಾಗಿ ಆರು ಬಳೆಗಳು ಕೂರುತ್ತವೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬಳೆಯ ಸುತ್ತ ಪೆನ್ಸಿಲ್ ಆಡಿಸಿ ಬಣ್ಣ ತುಂಬಿದರೆ ಹೂವಿನಂಥ ವಿನ್ಯಾಸವಾಗುತ್ತದೆ. ಮಸೀದಿಯ ಜಾಲಂದರಗಳಲ್ಲಿ ಕಾಣುವ ಎಷ್ಟೋ ವಿನ್ಯಾಸಗಳು ಹುಟ್ಟಿದ್ದು ಹೀಗೆ ವೃತ್ತದಿಂದಲೇ. ಜೀವಿಗಳ ಚಿತ್ರ ಬರೆಸಲು ಹಿಂಜರಿಯುವ ಮನೆಗಳಲ್ಲಿ ಎಲೆ, ಬಳ್ಳಿ, ನಕ್ಷತ್ರ, ಸುಂದರ ಅಕ್ಷರಗಳೇ ಸಾಕಷ್ಟಿವೆ. 1472ರಲ್ಲಿ ಕಟ್ಟಿದ ಬೀದರಿನ ಮಹಮೂದ್ ಗವಾನ್ ಮದರಸಾದ ಗೋಡೆಯ ಮೇಲೆ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ವಿದ್ಯೆಯ ಮನೆಯನ್ನು ಅಷ್ಟು ಚೆಂದ ಮಾಡಿದವರು ನಮ್ಮ ಹಿರಿಯರು.

ನಾಲ್ಕನೆಯದು ಹಳೆಯ ಶಾದಿ ಕಾರ್ಡುಗಳು. ಪ್ರತಿ ಮನೆಯಲ್ಲೂ ಒಂದು ರಾಶಿ ಇರುತ್ತವೆ. ಕತ್ತರಿಸಿ, ಮಡಿಸಿ, ಅಂಟಿಸಿ ಲಕೋಟೆ, ಪುಸ್ತಕದ ಗುರುತುಪಟ್ಟಿ, ಈದ್ ಕಾರ್ಡ್ ಮಾಡಬಹುದು. ಅಂಟಿಗೆ ಎರಡು ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ತಿರುವಿದರೆ ಸಾಕು. ಒಲೆಯ ಕೆಲಸ ದೊಡ್ಡವರದ್ದು. ಬೈಂಡಿಂಗ್ ಮಾಡುವವರು ಹುಳ ಬೀಳದಿರಲೆಂದು ಅಂಟಿಗೆ ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಕಾರ್ಡಿನ ಪಿನ್ನುಗಳನ್ನು ಮೊದಲೇ ತೆಗೆಯಿರಿ. ತುದಿ ಮೊಂಡಾದ ಕತ್ತರಿ ಕೊಡಿ. ಮೂರು ವರ್ಷದೊಳಗಿನ ಮಗು ಇದ್ದರೆ ಮಣಿ, ಗುಂಡಿ, ಬೇಳೆಕಾಳುಗಳನ್ನು ಅದರ ಕೈಗೆ ಸಿಗದಂತೆ ಇಡಿ. ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಾಪಾಯ.

ತಾಯಂದಿರೇ, ತಂದೆಯರೇ, ಇನ್ನು ನಿಮ್ಮಲ್ಲಿ ಕೆಲವು ವಿನಂತಿಗಳು. ಮಗು ಮಾಡುವಾಗ ನೀವು ಕೈ ಹಾಕಿ ತಿದ್ದಬೇಡಿ. ಅಂಗಡಿಯಿಂದ ಸಿದ್ಧ ಪ್ರಾಜೆಕ್ಟ್ ತಂದು ಮಗುವಿನ ಹೆಸರು ಬರೆದು ಶಾಲೆಗೆ ಕಳಿಸಬೇಡಿ. ಸೊಟ್ಟಗಿದ್ದರೂ ಅದು ಮಗುವಿನದ್ದಾಗಿರಲಿ. ಸಿದ್ಧವಾದದ್ದನ್ನು ತಂದ ಮಗು ಕಲಿಯುವುದು ಒಂದೇ ಪಾಠ, ಮಾಡದಿದ್ದನ್ನು ಮಾಡಿದ್ದೇನೆ ಎಂದು ಹೇಳುವ ಪಾಠ. ಮೆಚ್ಚುವಾಗ "ವಾಹ್" ಎಂದಷ್ಟೇ ಹೇಳದೆ "ಈ ಕೆಂಪು ಬಣ್ಣ ಯಾಕೆ ಹಾಕಿದೆ?" ಎಂದು ಕೇಳಿ. ಆ ಉತ್ತರದಲ್ಲಿ ಮಗುವಿನ ಭಾಷೆ ಬೆಳೆಯುತ್ತದೆ. ಮೆಹಂದಿ ಹಾಕುವ ದಾದಿ, ಕಸೂತಿ ಬಲ್ಲ ನಾನಿ ಮನೆಯಲ್ಲಿದ್ದರೆ ಅವರನ್ನೇ ಗುರುಗಳನ್ನಾಗಿ ಮಾಡಿ. ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಗಂಡುಮಕ್ಕಳಿಗೂ ಸೂಜಿದಾರ ಹಿಡಿಯಲು ಬರಲಿ. ಹರಡಿದ್ದನ್ನು ಎತ್ತಿಡುವುದೂ ಕೆಲಸದ ಭಾಗ ಎಂದು ಇಬ್ಬರಿಗೂ ಕಲಿಸಿ.

ಕೊನೆಯದಾಗಿ, ಇದರಲ್ಲಿ ನಮ್ಮ ಸಮುದಾಯದ ಮಾನದ ಪ್ರಶ್ನೆಯೂ ಇದೆ. ನಮ್ಮಲ್ಲಿ ಬಡಗಿಗಳು, ದರ್ಜಿಗಳು, ವೆಲ್ಡರುಗಳು, ಮೆಕ್ಯಾನಿಕ್ಕುಗಳು ಎಷ್ಟೋ ಮಂದಿ. ಆದರೆ "ಅಬ್ಬಾ ಏನು ಕೆಲಸ ಮಾಡುತ್ತಾರೆ?" ಎಂದು ಕೇಳಿದರೆ ತಲೆ ತಗ್ಗಿಸುವ ಮಕ್ಕಳನ್ನು ನಾನು ತರಗತಿಯಲ್ಲಿ ಕಾಣುತ್ತೇನೆ. ತಾನೇ ಒಂದು ಕಾಗದದ ಪೆಟ್ಟಿಗೆ ಮಾಡಲು ಒದ್ದಾಡಿದ ಮಗುವಿಗೆ, ಮೂಲೆ ಸೇರುವಂತೆ ಬಾಗಿಲು ಕೂರಿಸುವ ತಂದೆಯ ಬುದ್ಧಿವಂತಿಕೆ ಅರ್ಥವಾಗುತ್ತದೆ. ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸುವ ಆ ಕೈಗಳಿಗೆ ದೇಶವೇ ಗೌರವ ಕೊಟ್ಟಿತು. ನಮ್ಮ ಮಕ್ಕಳು ಡಾಕ್ಟರಾಗಲಿ, ಇಂಜಿನಿಯರಾಗಲಿ, ಅದು ನಮ್ಮೆಲ್ಲರ ಆಸೆ. ಆದರೆ ಕೆಲಸ ಮಾಡುವ ಕೈಯನ್ನು ಕೀಳಾಗಿ ಕಾಣದ ಡಾಕ್ಟರಾಗಲಿ, ಇಂಜಿನಿಯರಾಗಲಿ.

ವಾರಕ್ಕೆ ಎರಡು ದಿನ, ದಿನಕ್ಕೆ ಅರ್ಧ ಗಂಟೆ ಸಾಕು. ಹಳೆಯ ಚಾದರ ಹಾಸಿ, ಮೊಬೈಲ್ ದೂರವಿಟ್ಟು, ಮಗುವಿನ ಪಕ್ಕ ಕುಳಿತುಕೊಳ್ಳಿ. ಈ ವಾರವೇ ಆರಂಭಿಸಿ.